ನೋಡೋ ಡೊಳ್ಳು, ಬಾರಸೋ ಡೊಳ್ಳು

“ಡೊಳ್ಳಿಗೆ ಕೀಲಿ ಹಾಕ್ತೀರೇನ್ರಿ? ನಿಮ್ಮ ಬಾಯಿಗೆ ಯಾರರ ಕೀಲಿ ಹಾಕಿದ್ರ ಸುಮ್ಕ ಇರ್ತೀರೇನು?”

ಕಾಳಪ್ಪನ ದನಿಗೆ ಗಾಜಿನ ಕಪಾಟುಗಳು ನಡುಗಿದವು. ಕಮತಗಿ ಹತ್ತಿರದ ಹಳ್ಳಿಯ ಬೀರಪ್ಪ ದೇವರ ಪೂಜಾರಿ ಅವನು. ಡೊಳ್ಳು ನೋಡಲು ಅಮಾವಾಸ್ಯೆಗೊಮ್ಮೆ ಬಸ್ಸು ಹತ್ತಿ ವಿದ್ಯಾಗಿರಿಯ ಈ ವಾದ್ಯ ಸಂಗ್ರಹಾಲಯಕ್ಕೆ ಬರುತ್ತಿದ್ದ.

“ಮೆತ್ತಗ ಮಾತಾಡ್ರಿ,” ಎಂದಳು ಸಂಗ್ರಹಾಲಯದ ಮುಖ್ಯಸ್ಥೆ ಸುಧಾರಾಣಿ. “ಇನ್ನೇನು ಸಮಿತಿಯವರು ಬರ್ತಾರ. ಇವತ್ತು ಮಾನ್ಯತೆ ಸಿಗಲಿಲ್ಲಂದ್ರ ಈ ಮ್ಯೂಸಿಯಂ ಬಾಗಲಾ ಮುಚ್ಚಬೇಕಾಗತೈತಿ. ನಿಮ್ಮ ಗದ್ದಲ ಕೇಳಾಕ ನನಗ ಪುರಸೊತ್ತಿಲ್ಲ.”

ಮಾನ್ಯತೆಯ ನಿಯಮಗಳು ತಲೆ ಕೆಡಿಸುವಂತಿದ್ದವು. ವಾದ್ಯಕ್ಕೆ ಬಿಸಿಲು ತಾಕಬಾರದು, ಧೂಳು ತಾಕಬಾರದು, ಬೆರಳು ತಾಕಬಾರದು. ವಾದ್ಯ ನುಡಿಯಬೇಕೆಂದು ಮಾತ್ರ ಎಲ್ಲೂ ಬರೆದಿರಲಿಲ್ಲ.

ಇಲ್ಲಿ ಡೊಳ್ಳುಗಳು ಎರಡು. ಒಂದು ಗಾಜಿನೊಳಗೆ, ದೀಪದ ಕೆಳಗೆ, ಮುನ್ನೂರು ವರ್ಷದ್ದೆಂಬ ಇಂಗ್ಲಿಷ್ ಫಲಕದ ಸಮೇತ. ಇನ್ನೊಂದು ಪಡಸಾಲೆಯಲ್ಲಿ, ಶಾಲೆಯ ಮಕ್ಕಳು ಬಂದು ಬಡಿಯಲಿಕ್ಕೆ. ಊರಿಗೆ ಡಿಜೆ ಬಂದು ಡೊಳ್ಳು ಮೂಲೆ ಸೇರಿದಾಗ ಸುಧಾರಾಣಿಯೇ ಹೋಗಿ ಕೇಳಿದ್ದಳು. “ದೇವರ ಡೊಳ್ಳು ನಮಗ ಕೊಡ್ರಿ. ಅಂಥಾದ್ದ ಇನ್ನೊಂದು ಮಾಡಿಕೊಡ್ರಿ. ನೋಡೋ ಡೊಳ್ಳು ಗಾಜಿನ್ಯಾಗ ಇರಲಿ, ಬಾರಸೋ ಡೊಳ್ಳು ಹೊರಗ ಇರಲಿ.” ಕಾಳಪ್ಪ ಎರಡನ್ನೂ ಟಂಟಂ ಗಾಡಿಯಲ್ಲಿ ತಂದು, ಹೇಳಿದಂತೆ ತನ್ನ ಕೈಯಾರೆ ಇಟ್ಟು ಹೋಗಿದ್ದ.

ಹೊರಗಿನದರ ಸ್ಥಿತಿ ಈಗ ಕೆಟ್ಟಿತ್ತು. ತೊಗಲು ಮಾಸಿತ್ತು, ಹಗ್ಗ ಜೋತುಬಿದ್ದಿತ್ತು, ಮೈತುಂಬ ಭಂಡಾರದ ಅರಿಶಿನ. ಸಮಿತಿಯ ಕಣ್ಣಿಗೆ ಬೀಳದಿರಲೆಂದು ಬೆಳಿಗ್ಗೆಯೇ ಅದನ್ನು ಉಗ್ರಾಣಕ್ಕೆ ತಳ್ಳಿಸಿ ಕೀಲಿ ಹಾಕಿಸಿದ್ದಳು.

“ಮಕ್ಕಳು ದಿನಾ ಬಾರಸ್ತಾವ ಅಂದ್ರಿ, ಅದಕ್ಕ ಕೊಟ್ಟೆ,” ಕಾಳಪ್ಪ ಮತ್ತೆ ಏರಿದ. “ಬಾರಸಲಾರದ ಡೊಳ್ಳು ಹೆಣ ಇದ್ದಂಗ. ತೆಗೀರಿ ಹೊರಗ!”

“ಮಲೀಕಸಾಬ, ಗಾಜಿನ ಕಡೆ ನಿಂದ್ರರಿ,” ಸುಧಾರಾಣಿ ಕಾವಲುಗಾರನಿಗೆ ಕೂಗಿದಳು. “ಇವರು ಸಿಟ್ಟಿನ್ಯಾಗ ಅದನ್ನ ಹೊತ್ಕೊಂಡು ಹೋದಾರು.”

“ನಾ ಯಾಕ ಅದನ್ನ ಮುಟ್ಟಲಿ?”

“ಮತ್ಯಾಕ ಇಷ್ಟು ಒದರ್ತೀರಿ? ದೇವರದು ಗಾಜಿನ್ಯಾಗ ಚೆಂದ ಐತಿ. ಕೀಲಿ ಹಾಕಿದ್ದು ನಕಲಿಗೆ ಅಲ್ಲೇನು!”

ಕಾಳಪ್ಪ ಗಕ್ಕನೆ ತಿರುಗಿದ. ಗಾಜನ್ನು ನೋಡಿದ. ಅವಳನ್ನು ನೋಡಿದ.

“ನಕಲಿ?”

“ಹೂಂ, ನಕಲಿ!”

ಅವನು ಹೋಗಿ ಉಗ್ರಾಣದ ಬಾಗಿಲ ಪಕ್ಕ ನಿಂತುಕೊಂಡ. ಸುಧಾರಾಣಿಗೆ ಒಳಗೇ ಚುರುಕ್ಕೆಂದಿತು. ತನ್ನ ಕೈಯಿಂದ ಮಾಡಿದ್ದನ್ನು ನಕಲಿ ಎಂದರೆ ಯಾರಿಗಾದರೂ ನೋಯುತ್ತದೆ.

ಅಷ್ಟರಲ್ಲಿ ಸಮಿತಿಯ ಪರವಾಗಿ ಪ್ರಬುದ್ಧ ಎಂಬ ಅಧಿಕಾರಿ ಬಂದರು. ಗಾಜಿನ ಮುಂದೆ ಬಹಳ ಹೊತ್ತು ನಿಂತರು. ಬ್ಯಾಟರಿ ಹಾಕಿ ನೋಡಿದರು, ಬಗ್ಗಿ ನೋಡಿದರು.

“ಮುನ್ನೂರು ವರ್ಷದ್ದು! ಒಂದು ಬಿರುಕಿಲ್ಲ, ಹುಳು ಹಿಡಿದಿಲ್ಲ. ಹೇಗೆ ಕಾಪಾಡಿದಿರಿ?”

“ನಿಯಮದ ಪ್ರಕಾರ ಸರ್,” ಸುಧಾರಾಣಿಯ ಮುಖ ಅರಳಿತು.

“ಸಾಹೇಬ್ರ,” ಕಾಳಪ್ಪ ಕೈ ಮುಗಿದ. “ಉಗ್ರಾಣದಾಗ ಇನ್ನೊಂದು ಐತ್ರಿ. ನಾ ಒಯ್ಯಲೇನ್ರಿ?”

ಸುಧಾರಾಣಿ ಕೀಲಿಕೈ ಹುಡುಕಿದಳು. ಕೀಲಿ ತೆಗೆಯದೆ ದಾರಿಯಿರಲಿಲ್ಲ. ಪ್ರಬುದ್ಧ ಒಳಗಿಣುಕಿ ಮೂಗು ಮುಚ್ಚಿಕೊಂಡರು.

“ಏನಿದು?”

“ನಕಲಿ ಸರ್. ಮಕ್ಕಳ ಆಟಕ್ಕ ಇಟ್ಟಿದ್ದು.”

“ಅಸಲಿ ಇರುವ ಕಟ್ಟಡದಲ್ಲಿ ಇಂಥ ನಕಲಿ ಇಡಕೂಡದು. ಇವತ್ತೇ ಹೊರಗೆ ಹಾಕಿಸಿ.”

ಕಾಳಪ್ಪ ಸುಧಾರಾಣಿಯ ಕಡೆ ತಿರುಗಿದ. “ಎಲ್ಲಾರ ಮುಂದ ಇನ್ನೊಮ್ಮೆ ಹೇಳ್ರಿ ಅಕ್ಕಾರ. ನಾಳೆ ಕಳವು ಮಾಡಿದ ಅನಬ್ಯಾಡ್ರಿ. ಒಯ್ಯಲೇನು?”

“ಒಯ್ರಿ ಮಾರಾಯ್ರ, ಪುಣ್ಯಾ ಬರತೈತಿ!”

ಕಾಳಪ್ಪ ಚಪ್ಪಲಿ ಬಿಟ್ಟು ಉಗ್ರಾಣದೊಳಗೆ ಹೋದ. ಕಾವಲಿಗಿದ್ದ ಮಲೀಕಸಾಬನೇ ಬಂದು ಡೊಳ್ಳನ್ನು ಅವನ ಹೆಗಲಿಗೆ ಏರಿಸಿದ.

“ಮುಂದಿನ ಅಮಾಸಿಗೆ ಬರ್ತಿಯಿಲ್ಲಪಾ?”

“ಯಾರನ್ನ ನೋಡಾಕ ಬರಲೋ ಮಾರಾಯಾ?”

ದೊಡ್ಡ ಬಾಗಿಲಿನಿಂದಲೇ ಹೊರಗೆ ನಡೆದ. ತಿರುಗಿ ನೋಡಲಿಲ್ಲ. ಮುಂದಿನ ಅಮಾವಾಸ್ಯೆಗೆ ಬರಲಿಲ್ಲ, ಮಾನ್ಯತೆಯ ಪ್ರಮಾಣಪತ್ರವನ್ನು ಗಾಜಿನ ಪಕ್ಕ ತೂಗುಹಾಕಿ ಪೇಡೆ ಹಂಚಿದ ದಿನ ಕರೆದರೂ ಬರಲಿಲ್ಲ.

ಡೊಳ್ಳು ಹೊತ್ತು ತಂದ ಸಂಜೆಯೇ ಊರ ಗುಡಿಯಲ್ಲಿ ಅವನ ಹೆಂಡತಿ ಸೋಮವ್ವ ಅದಕ್ಕೆ ಭಂಡಾರ ಹಚ್ಚುತ್ತ ಕೇಳಿದ್ದಳು. “ದೇವರ ಡೊಳ್ಳು ಗುಡಿಗಿ ಬಂತು, ಚಲೋ ಆತು. ಡ್ಯಾಮಿನ್ಯಾಗ ಮುಳುಗಡಿ ಆದ ಮನಿ ತೊಲಿ ಸೀಳಿ, ನೋಡಾಕಂತ ನೀವು ಹೊಸಾದೊಂದು ಮಾಡಿದ್ರಲ್ಲ, ಅದು ಎಲ್ಲೈತ್ರಿ?”

“ಗಾಜಿನ್ಯಾಗ,” ಎಂದ ಕಾಳಪ್ಪ, ಕೋಲು ಎತ್ತಿಕೊಳ್ಳುತ್ತ. “ಅದಕ್ಕೀಗ ಮುನ್ನೂರು ವರ್ಷ ಆತಂತ.”