ದೊಡ್ಡಮ್ಮ ಅನ್ನಬೇಕು

ಮಡಿಸಿಟ್ಟ ಬಟ್ಟೆಗಳನ್ನೆಲ್ಲ ಮತ್ತೊಮ್ಮೆ ಹೊರಗೆಸೆದು, ಅಂಟು ತಾನೇ ಸೂಟ್‌ಕೇಸಿನೊಳಗೆ ಕೂತುಬಿಟ್ಟಳು. ನಾಲ್ಕು ವರ್ಷದ ಆ ಹುಡುಗಿಗೆ ಇಟ್ಟ ಹೆಸರು ಬೇರೆ. ನರ್ಸಮ್ಮನ ಸೊಂಟ ಬಿಟ್ಟಿಳಿಯದ ಕಾರಣಕ್ಕೆ ಮನೆಮಂದಿಗೆಲ್ಲ ಅವಳು ಅಂಟು. "ಅಮ್ಮಾ, ನಾನೂ ಬರ್ತೀನಿ" ಎಂದಳು.

"ಅಮ್ಮ ಅಲ್ಲ, ದೊಡ್ಡಮ್ಮ ಅನ್ನು," ಎಂದು ನರ್ಸಮ್ಮ ಅವಳನ್ನೆತ್ತಿ ನೆಲಕ್ಕೆ ಬಿಟ್ಟಳು. ತಿಂಗಳಿಂದ ಇದೇ ಪಾಠ. ಹೇಳಿಕೊಡುವವಳಿಗೇ ನಾಲಿಗೆ ಹೊರಳುತ್ತಿರಲಿಲ್ಲ.

ಬೆಳಗಾದರೆ ಪ್ರಯಾಣ. ಸಮುದ್ರದಾಚೆಯ ದೇಶದಲ್ಲಿ, ಯುದ್ಧಕ್ಕೆ ಹೆದರಿ ಓಡಿಬಂದವರ ಶಿಬಿರದ ಆಸ್ಪತ್ರೆಯಲ್ಲಿ ಎರಡು ವರ್ಷ ಸಂಬಳವಿಲ್ಲದ ಸೇವೆ. ಇಲ್ಲಿನ ಆಸ್ಪತ್ರೆಯಲ್ಲಿ ಜೊತೆಗೆ ಕೆಲಸ ಮಾಡುವ ನರ್ಸುಗಳು ಹೊಗಳಿ ಅಟ್ಟಕ್ಕೇರಿಸಿದ್ದರು. ಪಕ್ಕದ ಮನೆಯಾಕೆ ಮಾತ್ರ, ಮನೆಗೆ ಮಾರಿ ಊರಿಗೆ ಉಪಕಾರಿ ಎಂದು ಕೇಳಿಸುವಂತೆಯೇ ಅಂದಿದ್ದಳು. ನರ್ಸಮ್ಮ ಎರಡಕ್ಕೂ ನಕ್ಕಿದ್ದಳು.

ಅಂಟುವನ್ನು ಹೆತ್ತ ಬಾಣಂತನದಲ್ಲೇ ನರ್ಸಮ್ಮನ ತಂಗಿಯ ಮನಸ್ಸು ಕದಡಿಹೋಗಿತ್ತು. ಕೂಸಿನ ಮುಖ ಕಂಡರೆ ಗೋಡೆಯತ್ತ ಹೊರಳುತ್ತಿದ್ದಳು. ಅವಳ ಗಂಡ ಲಾರಿ ಓಡಿಸುವವನು. ಮನೆಯಲ್ಲಿದ್ದುದಕ್ಕಿಂತ ದಾರಿಯಲ್ಲಿದ್ದುದೇ ಹೆಚ್ಚು. ಮದುವೆಯ ಗೊಡವೆಗೇ ಹೋಗದ ಅಕ್ಕ ಹಸುಗೂಸನ್ನು ಮಡಿಲಿಗೆ ಹಾಕಿಕೊಂಡಳು. ಬಾಟಲಿ ಹಾಲು, ಜ್ವರ, ಮೊದಲ ಹೆಜ್ಜೆ, ಎಲ್ಲವೂ ಅವಳ ಪಾಲಿಗೇ ಬಂತು. ಈಗ ತಂಗಿ ಗುಣವಾಗಿ ಮಗಳತ್ತ ಕೈಚಾಚಿದರೆ, ಮಗಳು ದೊಡ್ಡಮ್ಮನ ಬೆನ್ನ ಹಿಂದೆ ಅಡಗುತ್ತಿದ್ದಳು. ಚಾಚಿದ ಕೈ ಬರಿದಾಗಿ ಹಿಂದಕ್ಕೆ ಹೋಗುವುದನ್ನು ಎಷ್ಟು ದಿನ ನೋಡುವುದು? ಹೋಗಿಬಿಡಬೇಕು ಎನ್ನಿಸಿದ್ದು ಆಗ. ಸೇವೆಯ ಮಾತು ಆಮೇಲೆ ಬಂತು.

ಅಂಟು ಮತ್ತೆ ಸೂಟ್‌ಕೇಸಿಗೆ ಹತ್ತಲು ಹೋಗಿ ಎಡವಿದಳು. ಹಣೆ ಮಂಚದ ಅಂಚಿಗೆ ಬಡಿಯಿತು. ಕಿರುಚುತ್ತ ಎದ್ದವಳು ಎರಡೂ ಕೈ ಚಾಚಿ ನರ್ಸಮ್ಮನತ್ತ ಓಡಿಬಂದಳು. ನರ್ಸಮ್ಮ ಕೈ ಕಟ್ಟಿಕೊಂಡಳು.

"ನಿನ್ನಮ್ಮ ಅಲ್ಲಿದ್ದಾಳೆ, ಅಲ್ಲಿಗೆ ಹೋಗು," ಎಂದಳು. ಆ ದನಿ ತನ್ನದೆಂದು ಅವಳಿಗೇ ಅನ್ನಿಸಲಿಲ್ಲ.

ಮಗು ಅರ್ಧ ದಾರಿಯಲ್ಲೇ ನಿಂತಿತು. ದೊಡ್ಡಮ್ಮನ ಮುಖ ನೋಡಿತು, ಕಟ್ಟಿದ ಕೈ ನೋಡಿತು. ಆಮೇಲೆ ತಿರುಗಿ, ಬಾಗಿಲಲ್ಲಿ ನಿಂತಿದ್ದ ತಾಯಿಯ ಕಾಲಿಗೆ ಹೋಗಿ ತೆಕ್ಕೆಬಿತ್ತು. ತಂಗಿ ಅಲ್ಲೇ ಕುಸಿದು ಕೂತು, ಊದಿದ ಹಣೆಗೆ ಕೆನ್ನೆ ಒತ್ತಿ, ಮಗಳಿಗಿಂತ ಜೋರಾಗಿ ಅತ್ತಳು.

ಅತ್ತು ಅತ್ತು ಮಗು ಅವಳ ತೊಡೆಯ ಮೇಲೆಯೇ ನಿದ್ದೆಹೋಯಿತು. ಅದಕ್ಕೆ ಎಚ್ಚರವಾಗದಂತೆ ತಂಗಿ ಮೆಲ್ಲಗೆ, "ಬಂದ್ಳಲ್ಲ ಅಕ್ಕಾ, ನನ್ನ ಹತ್ರ ಬಂದ್ಳಲ್ಲ. ಇನ್ನು ನೀನ್ಯಾಕೆ ಹೋಗ್ಬೇಕು? ಇಲ್ಲೇ ಇದ್ಬಿಡು," ಎಂದಳು.

ನರ್ಸಮ್ಮ ನೆಲದ ಮೇಲೆ ಚೆಲ್ಲಿದ್ದ ಬಟ್ಟೆಗಳನ್ನು ಮಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಇರೋಕಾಗಲ್ಲ ಕಣೆ. ಅವಳು ನಿನ್ನ ಹತ್ರ ಓಡಿದ್ದು ನೋಡಿ ನನಗೆ ಸಂತೋಷ ಆಗ್ಲಿಲ್ಲ."