ಭರಮ ಸಾಯಲಿ ಎಂದವರು ಯಾರು?

"ಈ ಕಾರ್ಡು ಬರದವ ಈಗ ಇಲ್ಲೇ, ನಮ್ಮ ನಡುವ ನಿಂತಾನ," ಎಂದು ಮುದಕಪ್ಪ ತನ್ನ ಸೈಕಲ್ ದುಕಾನಿನ ಬಾಗಿಲಿಗೆ ಅಡ್ಡ ನಿಂತ. "ತಾನಾಗೇ ಒಪ್ಪಿಕೊಂಡ್ರ ಚಲೋ. ಇಲ್ಲಂದ್ರ ಒಬ್ಬಾವನೂ ಹೊರಗ ಹೋಗಂಗಿಲ್ಲ."

ಒಳಗಿದ್ದ ಹನ್ನೆರಡು ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೈಲಹೊಂಗಲದ ಭರಮ ಅಭಿಮಾನಿಗಳ ಸಂಘದಲ್ಲೇ ಭರಮನ ಶತ್ರು! ಉಂಡ ಮನೆಯ ಜಂತಿ ಎಣಿಸುವುದೆಂದರೆ ಇದೇ ಅಲ್ಲವೇ?

ಭರಮ ಯಾರೆಂದು ೧೯೯೩ರಲ್ಲಿ ಆ ಊರಿನಲ್ಲಿ ಕೇಳಿದ್ದರೆ ಜನ ನಿಮ್ಮ ಹಣೆ ಮುಟ್ಟಿ ಜ್ವರ ನೋಡುತ್ತಿದ್ದರು. 'ಬೆಂಕಿಗುಡ್ಡದ ಭರಮ' ಎಂದು ಮೂರು ಸಿನಿಮಾ ಬಂದಿದ್ದವು, ಮೂರೂ ನೂರು ದಿನ ಓಡಿದ್ದವು. ಮೂರನೆಯದರ ಕೊನೆಗೆ ಭರಮ ಕೋಟೆಯ ಮೇಲಿಂದ ತುಂಬಿದ ಹೊಳೆಗೆ ಹಾರಿದ. ಹೆಣ ಸಿಗಲಿಲ್ಲ. ಅದನ್ನು ನೋಡಿ ಬಂದ ಮುದಕಪ್ಪ ತಲೆ ಬೋಳಿಸಿಕೊಂಡು ಹನ್ನೊಂದು ದಿನ ದುಕಾನು ಮುಚ್ಚಿದ್ದ. ಸ್ವಂತ ಮಾವ ತೀರಿಕೊಂಡಾಗ ನೇಸರಗಿಗೆ ಹೋಗಿ ಮಣ್ಣು ಹಾಕಿ, ಮಧ್ಯಾಹ್ನದ ಆಟಕ್ಕೆ ಸರಿಯಾಗಿ ವಾಪಸು ಬಂದಿದ್ದ. ಅಭಿಮಾನ ಅಂದರೆ ಹಾಗಿರಬೇಕು!

ಈಗ ಟೀವಿಯಲ್ಲಿ 'ಭರಮನ ತಂಗಿ' ಎಂಬ ಧಾರಾವಾಹಿ ಬರುವುದಿತ್ತು. ಭರಮನ ವೇಷಕ್ಕೆ ಯಾರೋ ಹೊಸಬನನ್ನು ತರುತ್ತಾರಂತೆ ಎಂಬುದು ಸಣ್ಣ ಹೆದರಿಕೆ. ಮೊದಲ ಕಂತಿನಲ್ಲೇ ಹೆಣ ತೋರಿಸಿ ಕೈ ತೊಳೆದುಕೊಳ್ಳುತ್ತಾರಂತೆ ಎಂಬುದು ದೊಡ್ಡ ಹೆದರಿಕೆ. ಭರಮ ಬದುಕಿರಬೇಕೋ ಬೇಡವೋ, ಕಾರ್ಡು ಬರೆದು ತಿಳಿಸಿ ಎಂದು ಧಾರಾವಾಹಿಯವರೇ ಪೇಪರಿನಲ್ಲಿ ಕೇಳಿದ್ದರು. ಸಂಘದವರು ಮುನ್ನೂರು ಕಾರ್ಡು ಬರೆದರು.

ಬಂದ ಉತ್ತರವನ್ನು ಮುದಕಪ್ಪ ಮೂರು ಸಲ ಓದಿದ. 'ಭರಮ ಬೇಡವೆಂದು ನಿಮ್ಮ ಊರಿನಿಂದಲೇ ಹನ್ನೊಂದು ಕಾರ್ಡು ಬಂದಿವೆ. ಎಲ್ಲ ಒಂದೇ ಕೈಬರಹ. ಒಂದನ್ನು ಇದರೊಂದಿಗೆ ಇಟ್ಟಿದ್ದೇವೆ. ಮೊದಲು ನಿಮ್ಮಲ್ಲಿ ಒಮ್ಮತವಾಗಲಿ. ಸೋಮವಾರ ನಾವು ತೀರ್ಮಾನ ಮಾಡುತ್ತೇವೆ.'

ಜೊತೆಗಿದ್ದ ಕಾರ್ಡಿನಲ್ಲಿ ಹೆಸರಿಲ್ಲ, ವಿಳಾಸವಿಲ್ಲ. ಎರಡೇ ಸಾಲು. 'ಭರಮ ಸಾಯಲಿ. ತಿರಗಿ ತರಬ್ಯಾಡ್ರಿ.'

ಸಂಘಕ್ಕೆಂದು ದುಕಾನಿನಲ್ಲಿ ತಂದಿಟ್ಟಿದ್ದ ಕಾರ್ಡುಗಳಲ್ಲೂ ಸರಿಯಾಗಿ ಹನ್ನೊಂದು ಕಡಿಮೆ ಬಿದ್ದಿದ್ದವು. ಇವತ್ತು ಶನಿವಾರ.

ಸಂಘದ ಕಾರ್ಯದರ್ಶಿ ಪರಸಪ್ಪ ಕಾರ್ಡನ್ನು ಬೆಳಕಿಗೆ ಹಿಡಿದ. "ಅಕ್ಷರ ನೋಡ್ರಿ. ಒಂದು ಏರತೈತಿ, ಒಂದು ಇಳೀತೈತಿ. ತಲಿಕಟ್ಟು ಅಕ್ಷರಾ ಬಿಟ್ಟು ಮ್ಯಾಲ ತೇಲ್ಯಾವ. ಒತ್ತಿದ ಒತ್ತಿಗೆ ಕಾರ್ಡು ಹರಿಯೂದೊಂದ ಬಾಕಿ. ಸಾಲಿ ಕಲತ ಮನಷ್ಯಾ ಹಿಂಗ ಬರೀತಾನ? ಗುರ್ತ ಸಿಗಬಾರದಂತ ಬೇಕಂತ ಎಡಗೈಲೆ ಬರದಾನ."

ಎಲ್ಲರ ಕಣ್ಣೂ ಸಾಜಿದನ ಕಡೆ ಹೊರಳಿದವು. ಭರಮನ ಮೂವತ್ತಡಿ ಕಟೌಟು ಬರೆದ ಪೇಂಟರು ಆತ. ಹುಟ್ಟಾ ಎಡಚ.

"ಏ ಪರಸಪ್ಪಾ, ನನಗ ಎಡಗೈ ಅಂದ್ರ ನಿಮಗ ಬಲಗೈ ಇದ್ದಂಗೋ," ಎಂದ ಸಾಜಿದ್. "ಎಡಗೈಲೆ ಬರದ್ರ ಅಚ್ಚು ಒತ್ತಿದಂಗ ಬರತೈತಿ."

"ಹಂಗಾರ ನೀ ಬಲಗೈಲೆ ಬರದೀ!"

ಹಿಂದೆ ಯಾರೋ ಕಿಸಕ್ಕೆಂದರು. ಮುದಕಪ್ಪ ನಗಲಿಲ್ಲ. ಹೋದ ತಿಂಗಳು ಚಹಾ ಕುಡಿಯುವಾಗ ಇದೇ ಸಾಜಿದ್, ಹೊಸ ಮುಖ ತರುವುದಕ್ಕಿಂತ ಭರಮ ಸತ್ತಿರುವುದೇ ಚಲೋ ಎಂದಿದ್ದ. ಆಗ ತಮಾಷೆ ಎನಿಸಿದ್ದ ಮಾತು ಈಗ ಮುಳ್ಳಾಗಿ ಚುಚ್ಚಿತು.

"ಅಂದಿದ್ದಿಲ್ಲೋ ನೀನು?"

"ಅಂದಿದ್ದೆ. ಅಂದಾವ ಬರೀತಾನೇನು, ಮುದಕಣ್ಣಾ?"

ಅಷ್ಟರಲ್ಲಿ ಬಾಗಿಲಲ್ಲಿ ಬಳೆ ಸದ್ದಾಯಿತು. ಮುದಕಪ್ಪನ ಹೆಂಡತಿ ಕಾಡವ್ವ ದಿನದಂತೆ ಬುತ್ತಿ ತಂದಿದ್ದಳು. ಗಂಡ ಊಟಕ್ಕೆ ಮನೆ ಕಂಡು ವರ್ಷಗಳೇ ಆಗಿದ್ದವು. ಹಗಲು ದುಕಾನು, ರಾತ್ರಿ ಸಂಘ, ಮಲಗುವುದೂ ಅಲ್ಲೇ ಭರಮನ ಪೋಸ್ಟರಿನ ಕೆಳಗೆ. ಸಂಜೆ ಓಣಿಯ ಹೆಂಗಸರ ಜೊತೆ ಆಕೆ ಶಾಲೆಯ ಕಟ್ಟೆಗೆ ಹೋಗಿ ಕೂಡುತ್ತಾಳೆಂದು ಯಾರೋ ಹೇಳಿದ್ದರು. ಹರಟೆಗೆ ಇದ್ದೀತು ಎಂದು ಈತ ಕೇಳಲೂ ಹೋಗಿರಲಿಲ್ಲ.

"ಅಲ್ಲೇ ಇಡು," ಎಂದು ಆಕೆಗೆ ಹೇಳಿ ಸಾಜಿದನ ಕಡೆ ತಿರುಗಿದ. "ಇವತ್ತಿಂದ ನೀ ಸಂಘದಾಗ ಇಲ್ಲ. ನನ್ನ ದುಕಾನದ ಪಾವಟಿಗಿ ಹತ್ತಬ್ಯಾಡ."

ಸಾಜಿದನ ಕಣ್ಣು ತುಂಬಿತು. "ಇಪ್ಪತ್ತು ವರ್ಷದ ದೋಸ್ತಿ ಒಂದ ಕಾರ್ಡಿಗೆ ಹೋತೇನೋ? ವೈನಿ, ನೀವರ ಹೇಳ್ರಿ. ನಾ ಅಂಥಾ ಮನಷ್ಯಾ ಏನ್ರಿ?"

ಕಾಡವ್ವ ತಲೆ ತಗ್ಗಿಸಿದಳು.

ಮುದಕಪ್ಪ ದೋಸ್ತನ ಮುಖ ನೋಡಲಾಗದೆ ಮನವಿಪತ್ರ ಬಿಚ್ಚಿ ಸ್ಟೂಲಿನ ಮೇಲೆ ಹಾಸಿದ. ಭರಮ ಬದುಕಬೇಕೆಂದು ಊರೆಲ್ಲ ಹಾಕಿದ ಸಹಿ. ಸಂಜೆಯ ಬಸ್ಸಿಗೆ ಪರಸಪ್ಪ ಅದನ್ನು ಬೆಂಗಳೂರಿಗೆ ಒಯ್ಯಬೇಕು. ಸಹಿ ಹಾಕಲು ಸಾಜಿದನೂ ಕೈ ಚಾಚಿದ. ಪರಸಪ್ಪ ಕಾಗದ ಎಳೆದುಕೊಂಡ. ಸಾಜಿದ್ ಚಪ್ಪಲಿ ಮೆಟ್ಟಿದ.

"ಬಾ ಇಲ್ಲೆ," ಎಂದು ಮುದಕಪ್ಪ ಹೆಂಡತಿಯ ಮುಂದೆ ಶಾಯಿಯ ಪ್ಯಾಡು ಸರಿಸಿದ. "ನೀನೂ ಒಂದು ಹೆಬ್ಬಟ್ಟು ಒತ್ತು. ಅವ ಉಳೀಬೇಕು."

ಕಾಡವ್ವ ಬುತ್ತಿ ಕೆಳಗಿಟ್ಟಳು. ಹೊರಗೆ ಹೊರಟಿದ್ದ ಸಾಜಿದನ ಬೆನ್ನನ್ನೊಮ್ಮೆ ನೋಡಿದಳು. "ಸಾಜಿದಣ್ಣಾ, ನಿಂದರ್ರಿ," ಎಂದಳು.

ಪ್ಯಾಡು ಮುಟ್ಟಲಿಲ್ಲ. ಪೆನ್ನು ತೆಗೆದುಕೊಂಡಳು. ಮುದಕಪ್ಪ ನಗಲು ಬಾಯಿ ತೆರೆದ. ಆಕೆ ಕಾಗದದ ಮೇಲೆ ಬಾಗಿ, ಉಸಿರು ಬಿಗಿಹಿಡಿದು, ಒತ್ತಿ ಒತ್ತಿ ಬರೆದಳು. ಕಾ ಏರಿತು. ಡ ಇಳಿಯಿತು. ವ್ವ ಪಕ್ಕಕ್ಕೆ ವಾಲಿತು. ಕಡೆಗೆ ತಲೆಕಟ್ಟುಗಳನ್ನು ಒಂದೊಂದಾಗಿ, ಅಕ್ಷರಕ್ಕೆ ತಾಗದಂತೆ, ಮೇಲೆ ಎಳೆದಳು.

ಪರಸಪ್ಪ ಕೈಯಲ್ಲಿದ್ದ ಕಾರ್ಡನ್ನೂ ಕಾಗದವನ್ನೂ ನೋಡಿದ. ಮುದಕಪ್ಪನೂ ನೋಡಿದ. ಅವನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು.

"ಸಾಕ್ಷರತಾ ಸಾಲ್ಯಾಗ ಕಲತೇನ್ರಿ," ಎಂದಳು ಕಾಡವ್ವ. "ಅವ ಸತ್ರರ ನೀವು ಮನಿಗಿ ಬರತೀರಿ ಅಂತ ಬರದೆ."