ದೃಷ್ಟಿ ತಗುಲಿದ ಟ್ಯಾಕ್ಸಿ

ಸರಂದೋಸನ ಟ್ಯಾಕ್ಸಿ ಬುಸುಗುಡುತ್ತ ಬಂದು ಗ್ಯಾರೇಜಿನ ಬಾಗಿಲಲ್ಲಿ ನಿಂತಿತು. ಬಾನೆಟ್ ಎತ್ತಿ ನೋಡಿದ ಪಾಂಡೆಲಿಸ್ ಮೇಸ್ತ್ರಿ ಸ್ಪ್ಯಾನರ್ ಕೇಳಲಿಲ್ಲ, ತಟ್ಟೆ ಕೇಳಿದ. ರೇಡಿಯೇಟರಿನಿಂದ ಸೋರುತ್ತಿದ್ದ ನೀರನ್ನೇ ತಟ್ಟೆಗೆ ಹಿಡಿದು, ಮೂರು ಹನಿ ಆಲಿವ್ ಎಣ್ಣೆ ಬಿಟ್ಟ. ಎಣ್ಣೆ ತೇಲದೆ ಕದಡಿಹೋಯಿತು.

"ದೃಷ್ಟಿ ತಗುಲಿದೆ," ಎಂದು ಮೇಸ್ತ್ರಿ ದೊಡ್ಡದಾಗಿ ಆಕಳಿಸಿದ. ದೃಷ್ಟಿ ತೆಗೆಯುವವನು ಆಕಳಿಸಲೇಬೇಕು.

"ನಮ್ಮ ಷಡ್ಡಕಂದೇ ಕಣ್ಣು! ಹಾಳಾಗೋಗ್ಲಿ ಅವ್ನು!" ಎಂದ ಸರಂದೋಸ್.

ಗ್ಯಾರೇಜಿಗೆ ಹೊಸದಾಗಿ ಸೇರಿದ್ದ ಅಸಿಮೀನಾ ತಟ್ಟೆಗೆ ಬಗ್ಗಿದಳು. "ಮೇಸ್ತ್ರಿ, ಈ ನೀರಲ್ಲಿ ಮೊದಲೇ ಇಂಜಿನ್ ಆಯಿಲ್ ಸೇರ್ಕೊಂಡಿದೆ. ನೀರು, ಆಯಿಲ್ ಬೆರೀದಂಗೆ ತಡೆಯೋ ಗ್ಯಾಸ್ಕೆಟ್ ಹೋಗಿದೆ, ಇಂಜಿನ್ ಮೇಲಿನ ಹೆಡ್ ಬಿಚ್ಚಬೇಕು."

"ಹೋಗಿರೋದು ನಂಗೂ ಕಾಣ್ತದಮ್ಮ. ಯಾಕ್ ಹೋಯ್ತು? ಅದನ್ನ ಹೇಳು."

ಬ್ಯಾಂಕಿನ ಗಾಜಿನ ಹಿಂದೆ ಅರ್ಧ ಆಯಸ್ಸು ಕಳೆದು, ಕೆಲಸ ಬಿಟ್ಟು, ಸಂಜೆ ತರಗತಿಯಲ್ಲಿ ಇಂಜಿನ್ ವಿದ್ಯೆ ಓದಿಕೊಂಡವಳು ಅಸಿಮೀನಾ. ವೋಲೊಸ್ ಊರಿನ ಗ್ಯಾರೇಜುಗಳೆಲ್ಲ "ಉಗುರು ಮುರಿದೀತು, ಮನೆಗೆ ಹೋಗಮ್ಮ" ಎಂದು ನಕ್ಕು ಕಳಿಸಿದ್ದವು. ಪಾಂಡೆಲಿಸ್ ಮಾತ್ರ ಕೇಳಿದ ಕೂಡಲೇ ಸೇರಿಸಿಕೊಂಡಿದ್ದ. ಆದರೆ ಬಂದಾಗಿನಿಂದ ಅವಳ ಕೈಗೆ ಸಿಕ್ಕಿದ್ದು ಪೊರಕೆ, ತಟ್ಟೆ ಮತ್ತು ಎಣ್ಣೆ ಶೀಸೆ. ಒಂದು ನಟ್ಟು ಮುಟ್ಟಲೂ ಬಿಟ್ಟಿರಲಿಲ್ಲ. ಇವತ್ತು ಅವಳ ಪಿತ್ತ ನೆತ್ತಿಗೇರಿತು.

"ಹಂಗಾದ್ರೆ ನನ್ನ ಯಾಕೆ ಸೇರಿಸ್ಕೊಂಡ್ರಿ?"

ಮೇಸ್ತ್ರಿ ದನಿ ತಗ್ಗಿಸಿದ. "ಈ ದೃಷ್ಟಿ ತೆಗೆಯೋ ಮಂತ್ರ ಗಂಡಸಿಂದ ಹೆಂಗಸಿಗೆ, ಹೆಂಗಸಿಂದ ಗಂಡಸಿಗೆ ಹೋಗ್ಬೇಕು. ನಂಗೆ ನಮ್ಮತ್ತೆ ಕೊಟ್ಳು. ಗಂಡಸ್ರಿಗೆ ಹೇಳ್ಕೊಟ್ರೆ ಶಕ್ತಿನೇ ಹೋಗ್ಬಿಡ್ತದೆ. ನಂಗೂ ವಯಸ್ಸಾಯ್ತು. ಗ್ಯಾರೇಜಿಗೆ ಇನ್ಯಾವ ಹೆಂಗಸು ಬರ್ತಾಳೆ, ನೀನೇ ಹೇಳು?"

ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಈ ಗ್ಯಾಸ್ಕೆಟ್ ನಾನೇ ಹಾಕ್ತೀನಿ. ಆಮೇಲೆ ಮಂತ್ರ. ಇಲ್ಲಾಂದ್ರೆ ನಾಳೆಯಿಂದ ಬರಲ್ಲ. ನಿಮ್ಮ ಮಂತ್ರ ನಿಮ್ ಜೊತೆನೇ ಮಣ್ಣಾಗ್ಲಿ."

ಮೇಸ್ತ್ರಿಯ ಮುಖ ಬಿಳಿಚಿಕೊಂಡಿತು. ಮಗಳನ್ನು ಧಾರೆ ಎರೆದು ಕೊಡುವವನಂತೆ ಸ್ಪ್ಯಾನರನ್ನು ಅವಳ ಕೈಗಿತ್ತ.

"ಏಯ್! ಹೆಂಗಸಿನ ಕೈಗೆ ಇಂಜಿನ್ನಾ? ನನ್ನ ಹೊಟ್ಟೆಪಾಡು ಕಣಯ್ಯಾ ಅದು!" ಸರಂದೋಸ್ ಬಾನೆಟ್ಟಿಗೆ ಅಡ್ಡ ನಿಂತ.

"ಬಾಯ್ಮುಚ್ಕೊಂಡ್ ಕೂತ್ಕೊ. ಇಂಜಿನ್ ಎಲ್ಲಿ ಮುಟ್ತಿದಾಳೆ? ದೃಷ್ಟಿ ತೆಗೀತಿದಾಳೆ," ಎಂದ ಮೇಸ್ತ್ರಿ.

ಸರಂದೋಸ್ ತಕ್ಷಣ ಟೋಪಿ ತೆಗೆದು ಕುರ್ಚಿಯಲ್ಲಿ ಭಕ್ತಿಯಿಂದ ಕೂತ. ಅಸಿಮೀನಾ ಹೆಡ್ ಇಳಿಸಿದಳು, ಉಜ್ಜಿದಳು, ಹೊಸ ಗ್ಯಾಸ್ಕೆಟ್ ಕೂರಿಸಿದಳು. ಬೋಲ್ಟು ಬಿಗಿಯುವ ಕ್ರಮ ತಪ್ಪಬಾರದೆಂದು ತನ್ನಷ್ಟಕ್ಕೇ ಗುನುಗಿದಳು: "ಮೊದಲು ನಡು... ಆಮೇಲೆ ಎಡ... ಅಡ್ಡಕ್ಕೆ ಬಲ..." ಒಂದೊಂದು ಬೋಲ್ಟಿಗೂ ಸರಂದೋಸ್ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡ. ದಣಿದು ಅವಳು ಆಕಳಿಸಿದಾಗಲಂತೂ ಅವನ ಕಣ್ಣು ತುಂಬಿಬಂತು.

ಸಂಜೆ ಟ್ಯಾಕ್ಸಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಅಸಿಮೀನಾ ಮೊಣಕೈವರೆಗೆ ಕಪ್ಪಾದ ಕೈಗಳನ್ನು ಒರೆಸಿಕೊಳ್ಳುತ್ತಿದ್ದಳು. ಸರಂದೋಸ್ ಕಿಟಕಿಯಿಂದ ತಲೆ ಹೊರಹಾಕಿದ.

"ತಾಯೀ, ನಿನ್ನ ಮಂತ್ರ ಭಾರಿ ಗಟ್ಟಿ. ಬ್ರೇಕೂ ಒಂಚೂರು ಕಿರುಗುಡ್ತದೆ. ಅದಕ್ಕೂ ಮಂತ್ರ ಸಾಕಾ, ಇಲ್ಲಾ ಅದಕ್ಕೆ ಮೆಕ್ಯಾನಿಕ್ಕೇ ಬೇಕಾ?"